ತಾಳಿ ಕಟ್ಟುವಾಗ ರೋಲ್ ಮುಗಿಯಬಾರದು

ಅಂತರಪಟ ಸರಿಯುತ್ತಿದ್ದಂತೆ ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ–ಬೆಲ್ಲ ಹಾಕಿಬಿಡುತ್ತಾರೆ. ಎರಡು ಮೂರು ಸೆಕೆಂಡು, ಅಷ್ಟೆ. ವಾಲಗ ಜೋರಾಗುತ್ತದೆ, ಅಕ್ಷತೆ ಬೀಳುತ್ತದೆ, ನೆಂಟರೆಲ್ಲ ಮೊಬೈಲ್ ಎತ್ತಿಕೊಂಡು ಮುಂದೆ ನುಗ್ಗುತ್ತಾರೆ. ಆ ಗದ್ದಲದಲ್ಲೂ ಇಬ್ಬರ ಮುಖವೂ ಕಾಣುವ ಒಂದು ಚಿತ್ರ ಮನೆಯವರಿಗೆ ಸಿಗಲೇಬೇಕು. ಆ ಹೊಣೆ ಹೊತ್ತು ಮುಂಗಡ ಪಡೆದವರೇ ವೃತ್ತಿಪರ ಫೋಟೊಗ್ರಾಫರ್.

ದುಬಾರಿ ಕ್ಯಾಮೆರಾ ಯಾರ ಬಳಿಯೂ ಇರಬಹುದು. ಹವ್ಯಾಸಿಗಳು ತೆಗೆದ ಚಿತ್ರ ಎಷ್ಟೋ ಸಲ ಹೆಚ್ಚು ಸೊಗಸಾಗಿರುತ್ತದೆ. ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯ ಪ್ರದರ್ಶನ ನೋಡಿದವರಿಗೆ ಇದು ಗೊತ್ತು. ಆದರೆ ಹವ್ಯಾಸಿಗಳು ಬೆಳಕು ಸರಿಯಿಲ್ಲವೆಂದು ಮನೆಗೆ ಹೊರಡಬಹುದು. ಮದುವೆ ಒಪ್ಪಿಕೊಂಡವರು ಹೊರಡುವಂತಿಲ್ಲ.

ಅವರ ಕೆಲಸ ಬೆಳಿಗ್ಗೆ ಪುರೋಹಿತರನ್ನು ಮಾತಾಡಿಸುವುದರಿಂದಲೇ ಶುರು. ಯಾವ ಶಾಸ್ತ್ರ ಮೊದಲು, ಧಾರೆ ಎಷ್ಟು ಹೊತ್ತಿಗೆ, ತಾಳಿ ಕಟ್ಟುವಾಗ ವರ ಯಾವ ಕಡೆ ನಿಲ್ಲುತ್ತಾನೆ? ಪುರೋಹಿತರಿಲ್ಲದೆ ಹಿರಿಯರ ಆಶೀರ್ವಾದದಲ್ಲಿ ನಡೆಯುವ ಕೊಡವ ಮದುವೆಯಲ್ಲಾದರೆ ಈ ಲೆಕ್ಕವೆಲ್ಲ ಬೇರೆ. ಆಮೇಲೆ ಬೆಳಕಿನ ಚಿಂತೆ. ವರನ ಪಂಚೆ, ಶಲ್ಯ ಅಚ್ಚ ಬಿಳಿ. ಪಕ್ಕದಲ್ಲೇ ವಧುವಿನ ಕಡುಗೆಂಪು ರೇಷ್ಮೆ ಸೀರೆ. ಸೀರೆಗೆ ತಕ್ಕಂತೆ ಎಕ್ಸ್‌ಪೋಶರ್ ಇಟ್ಟರೆ ಪಂಚೆಯ ನೆರಿಗೆ ಅಳಿಸಿಹೋಗಿ ಬರೀ ಬಿಳಿ ಹಾಳೆಯಾಗುತ್ತದೆ. ಪಂಚೆಗೆ ತಕ್ಕಂತೆ ಇಟ್ಟರೆ ಸೀರೆ ಕಪ್ಪಿಡುತ್ತದೆ. ಛತ್ರದ ಗೋಡೆ ಹಸಿರಾಗಿದ್ದರೆ ಇನ್ನೊಂದು ತೊಡಕು: ಫ್ಲ್ಯಾಶನ್ನು ಅತ್ತ ತಿರುಗಿಸಿದರೆ ಮುಖಗಳಿಗೂ ಹಸಿರು ಛಾಯೆ. ಇದನ್ನೆಲ್ಲ ಹೋಮದ ಹೊಗೆ ಏಳುವ ಮೊದಲೇ ನೋಡಿಕೊಂಡಿರಬೇಕು.

ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ. ಪಳಗಿದವರು ಇನ್ನೂ ಐದಾರು ಉಳಿದಿದ್ದರೂ ಮಾಂಗಲ್ಯಧಾರಣೆಗೆ ಮುಂಚೆ ಹೊಸ ರೋಲ್ ಹಾಕಿಬಿಡುತ್ತಿದ್ದರು. ಈಗ ಒಂದೇ ಚಿತ್ರವನ್ನು ಎರಡು ಕಾರ್ಡಿಗೆ ಬರೆಯುವ ಕ್ಯಾಮೆರಾ ಬಂದಿದೆ. ಬ್ಯಾಗಿನಲ್ಲಿ ಇನ್ನೊಂದು ಬಾಡಿ ಇರುತ್ತದೆ. ಎಷ್ಟೇ ದಣಿದಿದ್ದರೂ ಮಲಗುವ ಮುನ್ನ ಎರಡು ಹಾರ್ಡ್‌ಡಿಸ್ಕಿಗೆ ಕಾಪಿ ಆಗಬೇಕು. ಈ ಕಸುಬಿನ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಎಚ್ಚರ ಕಂಡೇ.

ಜನರ ನಡುವೆಯೇ ಇದ್ದು ಅವರಿಗೆ ಅಡ್ಡಿಯಾಗದಿರುವುದು ಇನ್ನೊಂದು ವಿದ್ಯೆ. ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕಾ ಛಾಯಾಗ್ರಹಣದಲ್ಲಿ ಅದನ್ನು ಸಾಧಿಸಿದರು. 1977ರಲ್ಲಿ ಪದ್ಮಶ್ರೀ ಪಡೆದ ಅವರ ಚಿತ್ರಗಳಲ್ಲಿ ಮಕ್ಕಳು, ದುಡಿಯುವ ಜನ ತಮ್ಮ ಪಾಡಿಗೆ ತಾವಿದ್ದಾರೆ.

ಮನೆಯವರು ಫೋಟೊಗ್ರಾಫರ್ ಮೇಲಿಡುವ ವಿಶ್ವಾಸಕ್ಕೆ ಕಾನೂನಿನ ಬಲವೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದು. ವಧುವಿನ ಚಿತ್ರವನ್ನು ಸ್ಟುಡಿಯೊದ ಪ್ರಚಾರಕ್ಕೆ ಬಳಸುವ ಮುಂಚೆ ಮನೆಯವರನ್ನು ಕೇಳಲೇಬೇಕು.

ಫೋಟೊಗ್ರಾಫರನ್ನು ಗೊತ್ತುಮಾಡುವವರಿಗೆ ನನ್ನದೊಂದು ಸಲಹೆ. ಆಯ್ದ ಹತ್ತು ಚಿತ್ರ ನೋಡಿ ಮರುಳಾಗಬೇಡಿ, ಒಂದು ಮದುವೆಯ ಇಡೀ ಆಲ್ಬಂ ಕೇಳಿ. ಊಟದ ಪಂಕ್ತಿ ಹೇಗೆ ಬಂದಿದೆ, ಕರೆಂಟ್ ಹೋದಾಗ ಏನು ಮಾಡಿದ್ದಾರೆ, ಗ್ರೂಪ್ ಫೋಟೊದ ಕೊನೆಯ ಸಾಲಿನವರ ಮುಖವೂ ಸ್ಪಷ್ಟವಾಗಿದೆಯೇ ಎಂದು ನೋಡಿ, ಆಮೇಲೆ ಮುಂಗಡ ಕೊಡಿ.