ಗ್ಲೌಸು, ಸ್ಪಿರಿಟ್ಟು, ಕುದಿಯುವ ನೀರು
ಅಮ್ಮಿನಬಾವಿಯಿಂದ ಬಸ್ ಹತ್ತಿ ಧಾರವಾಡಕ್ಕೆ ಹಲ್ಲು ಕೀಳಿಸಲು ಹೋಗುವವರು ಮೊದಲು ಡಾಕ್ಟರ ಕೈ ನೋಡುತ್ತಾರೆ. ಗ್ಲೌಸ್ ಇದ್ದರೆ ನಿಶ್ಚಿಂತೆ. ಆದರೆ ಅದೇ ಕೈ ನಡುವೆ ಮೊಬೈಲ್ ಎತ್ತಿ, ಡ್ರಾಯರ್ ಎಳೆದು, ದೀಪ ತಿರುಗಿಸಿ ಮತ್ತೆ ನಿಮ್ಮ ಬಾಯಿಗೆ ಬಂದರೆ, ಆ ಗ್ಲೌಸು ಕಾಯುವುದು ಡಾಕ್ಟರನ್ನು ಮಾತ್ರ.

ಸಲಕರಣೆಯ ಮಾತು ಬಂದರೆ, "ಕುದಿಯೋ ನೀರಾಗ ಹಾಕಿ ತಗದಾರ, ಇನ್ನೇನ್ ಉಳೀತೈತಿ?" ಉಳಿಯುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಬೀಜಕಣಗಳು (ಸ್ಪೋರ್) 100 ಡಿಗ್ರಿಗೆ ಜಗ್ಗುವುದಿಲ್ಲ. ಅವನ್ನು ಕೊಲ್ಲಲು ಆಟೋಕ್ಲೇವ್ ಬೇಕು, ಅದೆಂದರೆ ದೊಡ್ಡ ಕುಕ್ಕರೇ: ಒತ್ತಡದ ಉಗಿ, 121 ಡಿಗ್ರಿ, ಕನಿಷ್ಠ 15 ನಿಮಿಷ. ಪೊಟ್ಟಣ ಕಟ್ಟಿಟ್ಟ ಸಲಕರಣೆಗೆ ಇನ್ನೂ ಹೆಚ್ಚು ಹೊತ್ತು.

ಡಾಕ್ಟರುಗಳಲ್ಲೂ ಒಂದು ನಂಬಿಕೆ ಬೇರೂರಿದೆ: ಹ್ಯಾಂಡ್‌ಪೀಸಿಗೆ ಸ್ಪಿರಿಟ್ ಹತ್ತಿ ಒರೆಸಿದರೆ ಸಾಕು ಎಂಬುದು. ಹಲ್ಲು ಕೊರೆಯುವ ಈ ಸಾಧನ ತಿರುಗುವುದು ನಿಂತ ಕ್ಷಣ ಎಂಜಲನ್ನೂ ರಕ್ತವನ್ನೂ ತನ್ನೊಳಗೆ ಎಳೆದುಕೊಳ್ಳಬಲ್ಲದು. ಹೊರಮೈ ಒರೆಸಿದ ಸ್ಪಿರಿಟ್ ಒಳಗಿನ ಟರ್ಬೈನನ್ನು ಮುಟ್ಟುವುದೇ ಇಲ್ಲ; ಒಳಗೆ ಕುಳಿತದ್ದು ಮುಂದಿನವರ ಬಾಯಲ್ಲಿ ಹೊರಬೀಳಬಹುದು. ಹಾಗಾಗಿ ಒಬ್ಬೊಬ್ಬ ರೋಗಿಯಾದ ಮೇಲೂ ಅದು ಆಟೋಕ್ಲೇವಿಗೆ ಹೋಗಲೇಬೇಕು. ಪಕ್ಕದ ಸತ್ತೂರಿನಲ್ಲೇ ದಂತ ಕಾಲೇಜಿದೆ, ಈ ಪಾಠ ಓದದೆ ಯಾರೂ ಡಾಕ್ಟರಾಗಿಲ್ಲ. ಆದರೆ ಇರುವುದು ಎರಡೇ ಹ್ಯಾಂಡ್‌ಪೀಸ್, ಸಂಜೆ ಬಾಗಿಲ ತನಕ ಜನ ಎಂದಾಗ ಪಾಠ ಹಿಂದೆ ಬೀಳುತ್ತದೆ. ಕೊರತೆ ತಿಳಿವಳಿಕೆಯದಕ್ಕಿಂತ ಹ್ಯಾಂಡ್‌ಪೀಸಿನದು ಎಂದೇ ನನ್ನ ಅನಿಸಿಕೆ.

ಎಚ್‌ಐವಿ ಹೆಸರು ಕೇಳಿದರೆ ಎಲ್ಲರೂ ಬೆಚ್ಚುತ್ತಾರೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ಹತ್ತುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಹೆಪಟೈಟಿಸ್ ಬಿ ಆದರೆ, ಲಸಿಕೆ ಇಲ್ಲದವರಲ್ಲಿ ನೂರಕ್ಕೆ 6ರಿಂದ 30. ಆ ವೈರಸ್ ಒಣಗಿದ ರಕ್ತದಲ್ಲೂ 7 ದಿನ ಬದುಕಬಲ್ಲದು. ಲಸಿಕೆಯೇನೋ ಇದೆ, ಆರು ತಿಂಗಳಲ್ಲಿ ಮೂರು ಡೋಸ್. ಡಾಕ್ಟರು ಹಾಕಿಸಿಕೊಂಡಿರುತ್ತಾರೆ, ಹಿಂದಿನ ಸಿಂಕಿನಲ್ಲಿ ಚೂಪಾದ ಸಲಕರಣೆ ತೊಳೆಯುವ ಹುಡುಗಿಗೆ ಹಾಕಿಸಿದ್ದಾರೆಯೇ? 'ಕಾಯಿಲೆಯವರು' ಎಂದು ಗುರುತಿಸಿ ಅವರಿಗಷ್ಟೇ ಎಚ್ಚರ ವಹಿಸುವುದೂ ವ್ಯರ್ಥ. ಸೋಂಕಿರುವ ಬಹಳಷ್ಟು ಜನರಿಗೆ ತಮಗೆ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ.

ಆಟೋಕ್ಲೇವಿನಿಂದ ತೆಗೆದ ಪೊಟ್ಟಣದ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಎಲ್ಲ ಸತ್ತಿತು ಎಂದೂ ಅಲ್ಲ. ಅದು ಹೇಳುವುದು ಬಿಸಿ ತಾಗಿದೆ ಎಂದಷ್ಟೇ. ಯಂತ್ರ ನಿಜಕ್ಕೂ ಕೊಲ್ಲುತ್ತಿದೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಜೀವಂತ ಬೀಜಕಣಗಳ ಪಟ್ಟಿಯನ್ನೇ ಒಳಗಿಟ್ಟು ಪರೀಕ್ಷಿಸಬೇಕು. "ಸ್ಪೋರ್ ಟೆಸ್ಟ್ ಯಾವಾಗ ಮಾಡಿಸೀರಿ, ಡಾಕ್ಟ್ರ?" ಎಂದು ಕೇಳಲು ಅಡ್ಡಿಯೇನಿಲ್ಲ.