ಸಿಬಿಸಿ ರಿಪೋರ್ಟಿನ ಎರಡು ಸಾಲು

ಬೆಳಗಾವಿಯ ಯಾವ ಲ್ಯಾಬಿನಲ್ಲಿ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಿದರೂ ರಿಪೋರ್ಟಿನಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್ ಎಂಬ ಎರಡು ಸಾಲು ಇರುತ್ತವೆ. ಎರಡೂ ಬಿಳಿ ರಕ್ತಕಣಗಳೇ. ಮೊದಲನೆಯದು ಶೇ 60, ಎರಡನೆಯದು ಶೇ 30 ಇದ್ದರೆ, ಭಾಗಿಸಿದಾಗ ಬರುವ ಅನುಪಾತ 2. ಮೈಯೊಳಗೆ ಉರಿಯೂತ ಹೆಚ್ಚಿದಾಗ ಈ ಅಂಕಿ ಸಾಮಾನ್ಯವಾಗಿ ಮೇಲೇರುತ್ತದೆ.

ಬಣ್ಣ ಹಾಕಿ ಬಿಳಿಕಣಗಳ ಬಗೆಗಳನ್ನು ಗುರುತಿಸುವ ದಾರಿ ತೋರಿದವರು ಜರ್ಮನಿಯ ಪಾಲ್ ಎರ್ಲಿಕ್, 1879ರ ಸುಮಾರಿಗೆ. ಆದರೆ ಉರಿಯೂತ ಅಳೆಯಲು ಮೊದಲು ಬಳಕೆಗೆ ಬಂದದ್ದು ಕೆಂಪುಕಣಗಳು ತಳ ಸೇರುವ ವೇಗ ನೋಡುವ ಇಎಸ್‌ಆರ್. ಪೋಲೆಂಡಿನ ಬಿಯೆರ್ನಾಟ್ಸ್ಕಿ 1897ರಲ್ಲಿ ಅದನ್ನು ಗುರುತಿಸಿದರು; 1921ರಲ್ಲಿ ಸ್ವೀಡನ್ನಿನ ಫೋರೇಯಸ್, ವೆಸ್ಟರ್‌ಗ್ರೆನ್ ಅದಕ್ಕೆ ನೆಲೆ ಕೊಟ್ಟರು. ಉರಿಯೂತದಲ್ಲಿ ರಕ್ತದ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಅದರಿಂದ ಕೆಂಪುಕಣಗಳು ನಾಣ್ಯ ಪೇರಿಸಿದಂತೆ ಅಂಟಿಕೊಂಡು ಕೊಳವೆಯಲ್ಲಿ ಬೇಗ ತಳ ಸೇರುತ್ತವೆ.

1953ರಲ್ಲಿ ಅಮೆರಿಕದ ವ್ಯಾಲೇಸ್ ಕೌಲ್ಟರ್ ಕಣ ಎಣಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮುಂದೆ ಯಂತ್ರಗಳು ಊರೂರಿಗೆ ಬಂದವು. ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತವನ್ನು 2001ರಲ್ಲಿ ಮುಂದಿಟ್ಟವರು ಸ್ಲೊವಾಕಿಯಾದ ಝಹೋರೆಟ್ಸ್. ಅವರು ನೋಡಿದ್ದು ತೀವ್ರ ನಿಗಾ ಘಟಕದ ಕ್ಯಾನ್ಸರ್ ರೋಗಿಗಳನ್ನು.

ಆ ಅನುಪಾತ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೂ ಹೊಂದಿದ್ದರಲ್ಲಿ ಅಚ್ಚರಿಯಿಲ್ಲ. ಸೋರಿಯಾಸಿಸ್ ಚರ್ಮದ ಮೇಲ್ಪದರದಲ್ಲಿ ನ್ಯೂಟ್ರೋಫಿಲ್‌ಗಳು ಗುಂಪುಗೂಡುವುದನ್ನು ಆಸ್ಟ್ರೇಲಿಯಾದ ವೈದ್ಯ ಮನ್ರೋ 1898ರಲ್ಲೇ ಬರೆದಿದ್ದರು. ಅವನ್ನು ಅಲ್ಲಿಗೆ ಕರೆಸುವ ಸಂಕೇತಗಳಲ್ಲಿ ಇಂಟರ್‌ಲ್ಯೂಕಿನ್-17 ಮುಖ್ಯವಾದುದು ಎಂಬುದು ತಿಳಿದದ್ದು ಬಹಳ ತಡವಾಗಿ. ಅದೇ ಸಂಕೇತ ಕೀಲುಗಳನ್ನೂ ಕೆಣಕುತ್ತದೆ; ಸೋರಿಯಾಸಿಸ್ ಇದ್ದ ಹಲವರಿಗೆ ಸಂಧಿವಾತ ಹತ್ತುವುದು ಹಾಗೆ.

ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆಯವರಿಗೆ ಈ ಅನುಪಾತದ ಬೆಲೆ ದೊಡ್ಡದು. ಚರ್ಮಕ್ಕೊಬ್ಬರು, ಕೀಲಿಗೊಬ್ಬರು ವೈದ್ಯರೆಂದು ಬೆಳಗಾವಿಗೆ ಅಲೆಯುವವರಿಗೆ ಪ್ರತಿ ಸಲವೂ ಕೂಲಿ ತಪ್ಪುತ್ತದೆ. ದುಬಾರಿ ಪರೀಕ್ಷೆಗಳ ನಡುವೆ, ಹೇಗೂ ಮಾಡಿಸುವ ಸಿಬಿಸಿಯೇ ಒಂದಿಷ್ಟು ಸುಳಿವು ಕೊಡುವುದಾದರೆ ಅದನ್ನು ಓದದೆ ಬಿಡುವುದು ಅನ್ಯಾಯ. ಹಾಗೆಂದು ಅದರಿಂದಲೇ ಕಾಯಿಲೆ ಇಂಥದ್ದೆಂದು ಹೇಳಲಾಗದು. ಜ್ವರ, ಸೋಂಕಿನಲ್ಲೂ ಅಂಕಿ ಏರುತ್ತದೆ.

ನನ್ನ ನಿಜವಾದ ಆತಂಕ ಸ್ಟಿರಾಯ್ಡ್ ಬಗ್ಗೆ. ಕೀಲುನೋವಿಗೆಂದು ಚೀಟಿಯಿಲ್ಲದೆ ಕೊಂಡ ಮಾತ್ರೆಯಲ್ಲಿ ಅದಿದ್ದರೆ, ರಕ್ತನಾಳದ ಗೋಡೆಗಂಟಿದ್ದ ನ್ಯೂಟ್ರೋಫಿಲ್‌ಗಳು ಬಿಡಿಸಿಕೊಂಡು ಹರಿವಿಗೆ ಬರುತ್ತವೆ, ಲಿಂಫೋಸೈಟ್ ಇಳಿಯುತ್ತದೆ. ನೋವು ತಗ್ಗಿರುತ್ತದೆ, ಅನುಪಾತ ಮಾತ್ರ ಏರಿರುತ್ತದೆ. ಆದ್ದರಿಂದ ವೈದ್ಯರ ಮುಂದೆ ಹಳೆಯ ರಿಪೋರ್ಟುಗಳ ಜತೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಇಡಿ.