ಬ್ರೇಕಿನ ಗಾಳಿ ತೆಗೆಯಲು ಪಂಪ್ ಬೇಕೆ?

ಕಾರಿನ ಬ್ರೇಕ್ ಲೈನಿನಲ್ಲಿ ಸೇರಿದ ಗಾಳಿಯನ್ನು ಮನೆಯಲ್ಲೇ ತೆಗೆಯಲು ವ್ಯಾಕ್ಯೂಮ್ ಪಂಪ್ ಕೊಳ್ಳಲೇಬೇಕೆ?

ಬೇಕಿಲ್ಲ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸಿರಿಂಜಿಗೆ ನೀರು ತುಂಬಿ ಬಾಯಿ ಮುಚ್ಚಿ ಒತ್ತಿದರೆ ಹಿಡಿ ಅಲುಗದು. ಒಳಗೊಂದು ಗುಳ್ಳೆ ಉಳಿದಿದ್ದರೆ ಅಷ್ಟು ಒಳಗಿಳಿಯುತ್ತದೆ. ಪೆಡಲ್ ಮೆತ್ತಗಾಗುವುದೂ ಹೀಗೆಯೇ. ಗುಳ್ಳೆಯನ್ನು ಹೊರದಬ್ಬುವ ಒತ್ತಡವನ್ನು ಪೆಡಲ್ ತುಳಿಯುವ ಕಾಲೇ ಕೊಡುತ್ತದೆ: ಒಬ್ಬರು ತುಳಿದು ಹಿಡಿದಿರುವಾಗ ಇನ್ನೊಬ್ಬರು ಚಕ್ರದ ಬಳಿ ಗಾಳಿ ಹೊರಬಿಡಲೆಂದೇ ಇರುವ ನಿಪ್ಪಲ್ ಸಡಿಲಿಸಿ, ಕಾಲು ಎತ್ತುವ ಮೊದಲೇ ಬಿಗಿಯಬೇಕು. ಪಂಪ್ ಇದನ್ನೇ ಹೊರಗಿನಿಂದ ಹೀರಿ ಮಾಡುತ್ತದೆ. ಆಗ ನಿಪ್ಪಲ್‌ನ ತಿರುಪಿನ ಸಂದಿಯಿಂದಲೂ ಗಾಳಿ ನುಸುಳುವುದರಿಂದ ಲೈನ್ ಶುದ್ಧವಾದ ಮೇಲೂ ಗುಳ್ಳೆ ಕಾಣಿಸುತ್ತಲೇ ಇರುತ್ತದೆ. ತುಳಿಯಲು ಜೊತೆಗಾರರಿಲ್ಲದವರಿಗೆ ಪಂಪ್ ಅನುಕೂಲ ಎನ್ನುವುದು ನಿಜ. ಅವರಿಗೂ ಆಯಿಲ್ ಡಬ್ಬಿಯ ಕಡೆಯಿಂದ ಒತ್ತುವ ಪ್ರೆಶರ್ ಬ್ಲೀಡರ್ ಮೇಲು.

ದುಡ್ಡು ಹಾಕಬೇಕಾದದ್ದು ರಿಂಗ್ ಸ್ಪ್ಯಾನರಿಗೆ. ಬಾಯ್ದೆರೆದ ಸ್ಪ್ಯಾನರ್ ಎರಡೇ ಬದಿ ಹಿಡಿಯುವುದರಿಂದ ತುಕ್ಕು ಹಿಡಿದ ನಿಪ್ಪಲ್‌ನ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಅದನ್ನು ಬಿಚ್ಚುವುದು ದೊಡ್ಡ ರಗಳೆ. ಇದರೊಂದಿಗೆ ಪಾರದರ್ಶಕ ಟ್ಯೂಬ್, ತಳದಲ್ಲಿ ಸ್ವಲ್ಪ ಆಯಿಲ್ ಇರುವ ಬಾಟಲಿ ಸಾಕು. ಟ್ಯೂಬಿನ ಒಂದು ತುದಿ ನಿಪ್ಪಲ್‌ಗೆ ಸಿಕ್ಕಿಸಿ, ಇನ್ನೊಂದು ತುದಿ ಆ ಆಯಿಲಿನಲ್ಲಿ ಮುಳುಗಿರಲಿ. ಸೀಲ್ ಒಡೆಯದ ಹೊಸ ಆಯಿಲನ್ನೇ ಬಳಸಿ. ಹೊಸ ಡಾಟ್ 4 ದರ್ಜೆಯ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲೆ ಅದು 155ರವರೆಗೂ ಇಳಿಯಬಹುದು. ಗಾಳಿ ಎಬಿಎಸ್ ಘಟಕದೊಳಗೇ ಸೇರಿದ್ದರೆ ಮಾತ್ರ ಹಲವು ಕಾರುಗಳಿಗೆ ಸ್ಕ್ಯಾನರ್ ಬೇಕಾಗುತ್ತದೆ. ಆ ಕೆಲಸ ಗ್ಯಾರೇಜಿಗೆ ಬಿಡಿ.